ಮರಗಟ್ಟಿಸುವ ಹನಿ

“ಬುದ್ಧೀ, ಎದೆಯೊಳಗೆ ಏನೋ ಚುಚ್ಚುತ್ತಲೇ ಇರುತ್ತದೆ. ಅದು ಚುಚ್ಚದ ಹಾಗೆ ಒಂದು ಮಂತ್ರ ಕೊಡಬಾರದೇ?”

ಮಠದ ಗುರುಗಳನ್ನು ಹೀಗೆ ಕೇಳಿದವನು ತೋಂಟಾರಾಧ್ಯ. ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದವನು, ಮಠದ ಹಳೆಯ ಶಿಷ್ಯ. ಅವನ ಅಂಗಡಿಯಲ್ಲಿ ಓಬಳೇಶ ಎಂಬುವನು ಕೆಲಸಕ್ಕಿದ್ದ. ಯುಗಾದಿಯ ಹೊತ್ತಿನಲ್ಲಿ ಒಂದು ರೇಷ್ಮೆ ಸೀರೆ ಕಾಣೆಯಾಯಿತು. ತೋಂಟಾರಾಧ್ಯ ಗಿರಾಕಿಗಳೆಲ್ಲರ ಎದುರಿಗೆ ಓಬಳೇಶನನ್ನು ಕಳ್ಳ ಎಂದು ಕರೆದು ಹೊರಗೆ ಹಾಕಿದ. ಆಮೇಲೆ ಬೀರು ಸರಿಸಿ ನೋಡಿದರೆ ಸೀರೆ ಅದರ ಹಿಂದೆಯೇ ಬಿದ್ದಿತ್ತು. ಧೂಳು ಕೊಡವಿ, ಮಡಿಸಿ, ಮತ್ತೆ ಬೀರುವಿನಲ್ಲಿಟ್ಟ. ಗುರುಗಳೊಬ್ಬರಿಗೆ ಬಿಟ್ಟು ಇನ್ನಾರಿಗೂ ಹೇಳಲಿಲ್ಲ. ಓಬಳೇಶನಿಗೆ ಆ ಪೇಟೆಯಲ್ಲಿ ಬೇರೆ ಯಾರೂ ಕೆಲಸ ಕೊಟ್ಟಿರಲಿಲ್ಲ.

“ಓಬಳೇಶನ ಹತ್ತಿರ ಹೋಗಿದ್ದೆಯಾ?” ಎಂದು ಗುರುಗಳು ಕೇಳಿದರು.

“ಹೋಗಬೇಕು ಬುದ್ಧೀ. ಮನಸ್ಸು ಸ್ವಲ್ಪ ಗಟ್ಟಿಯಾಗಲಿ ಅಂತ ಕಾಯುತ್ತಿದ್ದೇನೆ. ನಿಮ್ಮ ಪ್ರವಚನ ಕೇಳುವಾಗ ಏನೂ ನೋವಿರೋದಿಲ್ಲ. ದಾರಿಯಲ್ಲಿ ಅವನ ಮುಖ ಕಂಡರೆ ಮತ್ತೆ ಚುಚ್ಚುತ್ತದೆ. ಆಗ ಇಲ್ಲಿಗೇ ಓಡಿ ಬರುತ್ತೇನೆ.”

ಗುರುಗಳು ಹಣೆ ಚಚ್ಚಿಕೊಂಡರು.

“ಅಯ್ಯೋ ಶಿವನೇ! ಇದನ್ನೇ ಎಷ್ಟು ಸಲ ಕೇಳುತ್ತೀಯೋ ಮಾರಾಯ? ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಯಿತು. ಮಂತ್ರವಂತೆ ಮಂತ್ರ! ಕೂತುಕೋ. ಒಂದು ಕತೆ ಹೇಳುತ್ತೇನೆ. ಮಧ್ಯೆ ಮಧ್ಯೆ ‘ಹೌದು ಬುದ್ಧೀ’ ಅಂತ ತಲೆ ಆಡಿಸಬೇಡ. ನೀನು ತಲೆ ಆಡಿಸಿದರೆ ನನಗೆ ಭಯವಾಗುತ್ತದೆ.”

ತೋಂಟಾರಾಧ್ಯ ಕೂತುಕೊಂಡ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಬ್ಬಿಣದ ಕೆಲಸದವನಿದ್ದ. ಕಿಟಕಿಗೆ ಸರಳು, ಕಾಂಪೌಂಡಿಗೆ ಗೇಟು ಮಾಡುವವನು. ಕೈಯಲ್ಲಿ ಒಳ್ಳೆಯ ಕೆಲಸವಿತ್ತು. ತಲೆಯ ವಿಷಯ ಕೇಳಬೇಡ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಕೆಲಸ ಮಾಡಯ್ಯಾ ಅಂದರೆ, ಬೆವರಿಗೆ ಮಂಜಾಗುತ್ತದೆ ಅನ್ನುತ್ತಿದ್ದ. ಕೊಂಡ ಕನ್ನಡಕವನ್ನು ಗೋಡೆಯ ಮೊಳೆಗೆ ನೇತುಹಾಕಿದ್ದ. ಅದಕ್ಕೆ ಊದುಬತ್ತಿ ಬೆಳಗುವುದೊಂದು ಬಾಕಿ ಇತ್ತು.

ಒಂದು ದಿನ ಗೇಟಿನ ಬೆಸುಗೆಯನ್ನು ಯಂತ್ರದಲ್ಲಿ ಉಜ್ಜುತ್ತಿದ್ದಾಗ ಕಿಡಿ ಹಾರಿತು. ಕಬ್ಬಿಣದ ಸಣ್ಣ ಚೂರು ಕಣ್ಣಿಗೆ ಬಿತ್ತು. ಹೆಂಡತಿ ಸೆರಗಿನ ತುದಿಯಿಂದ ತೆಗೆಯಲು ನೋಡಿದಳು. ಬರಲಿಲ್ಲ. ಪಕ್ಕದ ಮನೆಯ ಬಾಣಂತಿ ಎದೆಹಾಲು ಬಿಟ್ಟಳು. ಇನ್ನೊಬ್ಬರು ಹರಳೆಣ್ಣೆ ಬಿಟ್ಟರು. ಊರಿನಲ್ಲಿದ್ದ ವೈದ್ಯವೆಲ್ಲ ಆ ಒಂದು ಕಣ್ಣಿನ ಮೇಲೆ ಆಯಿತು. ಕಣ್ಣು ಕೆಂಡದ ಹಾಗಾಯಿತು, ರೆಪ್ಪೆ ಬಿಚ್ಚಲಾಗಲಿಲ್ಲ. ಆಗ ಪಟ್ಟಣದ ಕಣ್ಣಿನ ಡಾಕ್ಟರ ಹತ್ತಿರ ಹೋದ.

ಡಾಕ್ಟರು ಒಂದು ಹನಿ ಬಿಟ್ಟರು. ಮೊದಲು ಸ್ವಲ್ಪ ಉರಿಯಿತು. ಆಮೇಲೆ ನೋವು ಎಲ್ಲಿಗೆ ಹೋಯಿತೋ! ಬಿಗಿದುಕೊಂಡಿದ್ದ ಕಣ್ಣು ತಾನಾಗಿ ಬಿಚ್ಚಿಕೊಂಡಿತು. ಅವನು ಎದ್ದು ಕೈ ಮುಗಿದು ಹೊರಟೇಬಿಟ್ಟ. “ಕೂತುಕೊಳ್ಳಪ್ಪ, ಇನ್ನೂ ಏನೂ ಮಾಡಿಲ್ಲ” ಎಂದು ಡಾಕ್ಟರೇ ತೋಳು ಹಿಡಿದು ಕೂರಿಸಬೇಕಾಯಿತು. ಸೂಜಿಯ ಮೊನೆಯಿಂದ ಚೂರನ್ನು ತೆಗೆದರು. ಮುಲಾಮು ಹಾಕಿ ಪಟ್ಟಿ ಕಟ್ಟಿದರು. ಚೂರು ಬಂದಿದೆ, ಅದು ಬಿಟ್ಟ ತುಕ್ಕು ಸ್ವಲ್ಪ ಉಳಿದಿದೆ, ನಾಳೆ ಬಂದರೆ ಅದನ್ನೂ ಕೆರೆದು ತೆಗೆಯುತ್ತೇನೆ ಎಂದರು. ಹನಿಯ ಜೋರು ಇಳಿದರೆ ನೋಯುತ್ತದೆ, ಅದಕ್ಕೆ ನುಂಗುವ ಮಾತ್ರೆ ಬರೆದುಕೊಟ್ಟರು.

“ಮಾತ್ರೆ ಬೇಡ ಸ್ವಾಮಿ. ಮೊದಲು ಬಿಟ್ಟಿರಲ್ಲ, ಆ ಹನಿಯನ್ನೇ ಕೊಡಿ” ಎಂದ ಇವನು.

“ಅದು ಮನೆಗೆ ಕೊಡುವ ಔಷಧಿಯಲ್ಲಪ್ಪ. ನೀನು ಕಣ್ಣು ಬಿಟ್ಟರೆ ತಾನೇ ನಾನು ನೋಡುವುದು? ಅಷ್ಟಕ್ಕೇ ಬಿಟ್ಟದ್ದು. ಮೇಲಿಂದ ಮೇಲೆ ಬಿಟ್ಟುಕೊಂಡರೆ ಗಾಯ ಮಾಯುವುದಿಲ್ಲ. ಕಣ್ಣೇ ಹೋದೀತು.”

ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಅಚ್ಚ ಕನ್ನಡದಲ್ಲೇ ಹೇಳಿದರು! ಇವನ ಕಿವಿಗೆ ಹೋಯಿತೇ? ದಾರಿಯುದ್ದಕ್ಕೂ ಹೆಂಡತಿಯ ಹತ್ತಿರ ಗೊಣಗಿದ. “ಒಳ್ಳೆ ಔಷಧಿ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ ಕಣೇ. ಕೊಟ್ಟುಬಿಟ್ಟರೆ ನಾವು ಮತ್ತೆ ಅವರ ಬಾಗಿಲಿಗೆ ಬರೋದಿಲ್ಲವಲ್ಲ!” ಎಂದ.

ಮನೆ ಮುಟ್ಟುವಷ್ಟರಲ್ಲಿ ನೋವು ಶುರುವಾಯಿತು. ಅವನ ಹೆಂಡತಿಯ ತಮ್ಮ ಒಂದು ಔಷಧಿ ಅಂಗಡಿಯಲ್ಲಿದ್ದ. ಒಳ್ಳೆಯ ಹುಡುಗ, ಭಾವ ನರಳುವುದನ್ನು ನೋಡಲಾರದೆ ಹೋದ. ಯಾರ ಚೀಟಿಯನ್ನೂ ಕೇಳದೆ ಆ ಹನಿಯ ಸೀಸೆಯನ್ನೇ ತಂದುಕೊಟ್ಟ. ಕರುಣೆ ಅಂದರೆ ಇದೇ ಅಂದುಕೊಂಡರು ಮನೆಯವರೆಲ್ಲ. ಹನಿ ಬಿದ್ದ ಕೂಡಲೇ ನೋವು ಹೋಯಿತು. ಪಟ್ಟಿ ಬಿಚ್ಚಿ ಎಸೆದ.

ಮರುದಿನ ಡಾಕ್ಟರ ಹತ್ತಿರ ಹೋಗೋಣ ಎಂದಳು ಹೆಂಡತಿ. “ನೋವೇ ಇಲ್ಲ, ಯಾಕೆ ಹೋಗಲಿ?” ಎಂದ. ಕೇಳಿದೆಯಾ ಮಾತನ್ನು? ನೋವು ಹೋಯಿತು, ಆದ್ದರಿಂದ ಗಾಯವೂ ಹೋಯಿತು ಅನ್ನುವ ಲೆಕ್ಕ. ನನಗೆ ಈ ಕತೆ ಹೇಳುವಾಗಲೆಲ್ಲ ಇಲ್ಲಿ ಅವನ ಬೆನ್ನಿಗೆ ಎರಡು ಗುದ್ದಬೇಕು ಅನ್ನಿಸುತ್ತದೆ.

ಯಾರದೋ ಗೃಹಪ್ರವೇಶಕ್ಕೆ ಗೇಟು ಒಪ್ಪಿಸಬೇಕಿತ್ತು. ಅವನು ಮತ್ತೆ ಯಂತ್ರದ ಮುಂದೆ ಕೂತ. ಸೀಸೆ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಸ್ವಲ್ಪ ಚುರುಕ್ ಎಂದರೆ ಒಂದು ಹನಿ. ಬರಬರುತ್ತ ಹನಿಯ ಜೋರು ಬೇಗ ಬೇಗ ಇಳಿಯತೊಡಗಿತು. ಇವನೂ ಬೇಗ ಬೇಗ ಬಿಟ್ಟುಕೊಂಡ. ಧೂಳು ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಕೊಳಕು ಕೈಯಲ್ಲಿ ತಿಕ್ಕಿದರೂ ಗೊತ್ತಾಗುತ್ತಿರಲಿಲ್ಲ. ಆ ಕಣ್ಣಿಗೆ ಎದುರಿನದು ಮಸುಕಾದಾಗ ಬೆಸುಗೆಯ ಹೊಗೆ ಎಂದುಕೊಂಡ. ಹೆಂಡತಿ ದಿನಾ ಹೇಳಿದಳು, ಅತ್ತಳು, ಜಗಳವಾಡಿದಳು. “ನೋಯುವುದು ನನ್ನ ಕಣ್ಣಾ ನಿನ್ನ ಕಣ್ಣಾ?” ಎಂದು ಅವಳ ಬಾಯಿ ಮುಚ್ಚಿಸಿದ.

ಒಂದು ಮಧ್ಯಾಹ್ನ ಜಗಲಿಯ ಮೇಲೆ ಊಟಕ್ಕೆ ಕೂತಿದ್ದ. ಹೆಂಡತಿ ಸಾರು ಬಡಿಸಲು ಬಗ್ಗಿದಳು. ಅವಳ ಕೈಯ ಸೌಟು ಕೆಳಗೆ ಬಿತ್ತು.

“ರೀ! ಕಣ್ಣಲ್ಲಿ ನೊಣ ಕೂತಿದೆ ರೀ!”

ರೆಪ್ಪೆಯ ಮೇಲಲ್ಲ, ಗುಡ್ಡೆಯ ಮೇಲೇ ಕೂತಿತ್ತು. ಅವನು ರೆಪ್ಪೆ ಬಡಿಯಲಿಲ್ಲ. “ಎಲ್ಲಿ?” ಎಂದ. ಅವಳು ಕೈ ಬೀಸಿ ಓಡಿಸಿದಳು. ಆಮೇಲೆ ಅವನ ಅನುಮತಿ ಕೇಳಲಿಲ್ಲ. ಎಂಜಲು ಕೈಯಲ್ಲೇ ಅವನನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿಸಿದಳು.

ಡಾಕ್ಟರು ನೋಡಿದರು. ಜೇಬಿನ ಸೀಸೆಯನ್ನೂ ನೋಡಿದರು. ಸಿಟ್ಟು ನೆತ್ತಿಗೇರಿತು. “ಬಾಯಿ ಬಡಿದುಕೊಂಡು ಹೇಳಿದೆನಲ್ಲಯ್ಯಾ! ಕಣ್ಣುಗುಡ್ಡೆಯ ಮೇಲಿನ ತಿಳಿ ಪದರವೇ ಕರಗಿಹೋಗಿದೆ. ಇಷ್ಟು ದಿನ ಏನು ಮಾಡುತ್ತಿದ್ದೆ?” ಎಂದರು.

“ನೋವೇ ಇರಲಿಲ್ಲವಲ್ಲ ಸ್ವಾಮಿ!”

“ಅಲ್ಲವೋ, ನಿನ್ನ ಅಂಗಡಿಗೆ ಯಾರಾದರೂ ತುಕ್ಕು ತಿಂದ ಗೇಟು ತಂದು, ಕೆರೆಯಬೇಡ, ಸುಮ್ಮನೆ ಮೇಲೆ ಬಣ್ಣ ಬಳಿದುಕೊಡು ಅಂದರೆ ಏನು ಮಾಡುತ್ತೀಯ?”

“ಬೈದು ಕಳಿಸುತ್ತೇನೆ ಸ್ವಾಮಿ. ಬಣ್ಣದ ಕೆಳಗೆ ಅದು ತಿನ್ನುತ್ತಲೇ…” ಎಂದವನು ಕೂತಲ್ಲೇ ಅಳತೊಡಗಿದ.

ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ಗಾಯವೇನೋ ಮಾಯಿತು, ಬಿಳಿಯ ಕಲೆ ಉಳಿಯಿತು. ಆ ಕಣ್ಣಿಗೆ ಬೆಳಕು ಯಾವುದು ಕತ್ತಲೆ ಯಾವುದು ಅನ್ನುವುದಷ್ಟೇ ತಿಳಿಯುತ್ತಿತ್ತು. ಒಂದೇ ಕಣ್ಣಿನಲ್ಲಿ ಬೆಸುಗೆ ನೇರ ಬರುತ್ತಿರಲಿಲ್ಲ. ಗೇಟು ಮಾಡಿಸುವವರು ಬೇರೆ ಕಡೆ ಹೋದರು. ಚೂರು ಅವನ ಕಣ್ಣನ್ನು ಕಳೆಯಲಿಲ್ಲ. ತೆಗೆದ ಮೇಲೆ ಅದು ಕಸದ ಬುಟ್ಟಿಯಲ್ಲಿತ್ತು. ಮತ್ತೊಮ್ಮೆ ಹೋಗಿ ತೋರಿಸಿದ್ದರೆ ಮುಗಿದುಹೋಗುವ ಸಂಕಟ ಅದು. ಹೋಗು ಹೋಗು ಎಂದು ಕಣ್ಣು ಕೂಗಿಕೊಂಡಿತು. ಪ್ರತಿ ಸಲವೂ ಇವನು ಅದರ ಬಾಯಿಗೆ ಬಟ್ಟೆ ತುರುಕಿದ.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು.

ತೋಂಟಾರಾಧ್ಯನ ಕಣ್ಣು ಒದ್ದೆಯಾಗಿತ್ತು. ಅವನು ಶಲ್ಯದಿಂದ ಮುಖ ಒರೆಸಿಕೊಂಡ. ಒಂದು ದೀರ್ಘ ಉಸಿರು ಬಿಟ್ಟ. ಆಮೇಲೆ ನಕ್ಕ. “ಎಂಥ ಕತೆ ಹೇಳಿದಿರಿ ಬುದ್ಧೀ! ಬರುವಾಗ ಎದೆ ಕಲ್ಲಿನಷ್ಟು ಭಾರವಿತ್ತು. ಈಗ ನೋಡಿ, ಹಗುರವಾಗಿಬಿಟ್ಟಿತು” ಎಂದು ಅಡ್ಡಬಿದ್ದ.

ಗುರುಗಳು ಅವನು ಏಳುವವರೆಗೆ ಅವನನ್ನೇ ನೋಡಿದರು.

“ಹಗುರವಾಯಿತೇನೋ? ಓಬಳೇಶ ಈ ಹೊತ್ತಿಗೂ ಕಳ್ಳನಾಗಿಯೇ ತಿರುಗುತ್ತಿದ್ದಾನೆ.”