ಮಠದ ಕಾರಿಗೊಂದು ಫ್ಯಾನು

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಮಠ. ಮಠಕ್ಕೆ ಒಬ್ಬರು ಅಜ್ಜ, ಅಜ್ಜನಿಗೆ ಒಬ್ಬ ಶಿಷ್ಯ, ಶಿಷ್ಯನಿಗೆ ಒಂದು ಕಾರು.

ಆ ಸೀಮೆಯಲ್ಲಿ ಸ್ವಾಮಿಗಳನ್ನು ಅಜ್ಜಾರು ಅಂತಲೇ ಕರೆಯುತ್ತಾರೆ. ಈ ಅಜ್ಜನ ಹೆಸರು ನಿರುಪಾದಯ್ಯ. ಶಿಷ್ಯ ಕಲ್ಮೇಶ. ಹುಬ್ಬಳ್ಳಿಯ ಗ್ಯಾರೇಜಿನ ಕೆಲಸ ಬಿಟ್ಟು, ನನಗೆ ಜ್ಞಾನ ಬೇಕು ಅಂತ ಬಂದವನು. ಅಜ್ಜ ಅವನ ಕೈಗೆ ಕಾರಿನ ಚಾವಿ ಕೊಟ್ಟರು.

ಕಾರು ಯಾವ ಕಾಲದ್ದೋ. ತೀರಿಹೋದ ದೇಸಾಯರೊಬ್ಬರು ಮಠಕ್ಕೆ ಬಿಟ್ಟುಹೋದದ್ದು. ಹಳ್ಳಿಹಳ್ಳಿಗೆ ಗಾಡಿ ಬರುವ ಮೊದಲಿನ ಮಾತು ಇದು. ಹೆರಿಗೆ ನೋವು ಬಂದ ಹೆಣ್ಣುಮಕ್ಕಳನ್ನು ಗುಡ್ಡದಾಚೆಯ ದವಾಖಾನೆಗೆ ಮುಟ್ಟಿಸುವುದು ಆ ಕಾರಿನ ಕೆಲಸ. ದಂಡೆಯ ಅಷ್ಟೂ ಊರಿಗೆ ಅದೊಂದೇ ಗತಿ.

ಶ್ರಾವಣದಲ್ಲಿ ಅಜ್ಜ ಅನುಷ್ಠಾನಕ್ಕೆ ಕೂತರು. ತಿಂಗಳಿಡೀ ಕೋಣೆಯಿಂದ ಹೊರಗೆ ಬರುವುದಿಲ್ಲ, ಯಾರೊಂದಿಗೂ ಮಾತಿಲ್ಲ.

ಅದೇ ತಿಂಗಳು ಕಾರು ಗುಡ್ಡದ ಏರಿನಲ್ಲಿ ಕುದಿಯತೊಡಗಿತು. ಒಂದು ದಿನ ಏರಿನ ನಡುವೆ ನಿಂತೇಬಿಟ್ಟಿತು. ಹಿಂದಿನ ಸೀಟಿನಲ್ಲಿ ನೀಲವ್ವ ಅನ್ನುವ ಹೆಣ್ಣುಮಗಳಿದ್ದಳು. ಅಲ್ಲೇ ಹಡೆದಳು.

ಕೂಸು ಬದುಕಿತು. ತಾಯಿಗೆ ರಕ್ತ ನಿಲ್ಲಲಿಲ್ಲ. ಹಿಂದಿನಿಂದ ಬಂದ ಸುಣ್ಣದ ಲಾರಿಯವನು ದವಾಖಾನೆಗೆ ಒಯ್ದು ಮುಟ್ಟಿಸಿದ್ದಕ್ಕೆ ಉಳಿದಳು.

ಕಲ್ಮೇಶ ಮಠಕ್ಕೆ ಬಂದು ನೀರು ಸೇದಿ ತಂದ. ಸೀಟನ್ನು ತೊಳೆದ, ಮತ್ತೆ ತೊಳೆದ. ಅದರ ಬಣ್ಣವೇ ಹೋಯಿತು.

ಅನುಷ್ಠಾನ ಮುಗಿಸಿ ಬಂದ ಅಜ್ಜ ಎಲ್ಲವನ್ನೂ ಕೇಳಿದರು. ಮಠದಲ್ಲಿ ಅಡಿಗೆ ಮಾಡುವ ಶಾವಂತ್ರವ್ವನ ಮಗಳು ಕಸ್ತೂರಿ ತುಂಬಿದ ಬಸುರಿ. ಇವತ್ತೋ ನಾಳೆಯೋ ಅನ್ನುವಂತಿದ್ದಳು.

“ಇನ್ನೊಮ್ಮಿ ಹಂಗ ಆಗಬಾರದು,” ಅಂದರು ಅಜ್ಜ. “ಕಾರಿಗೆ ಏನು ಬೇಕು?”

“ಫ್ಯಾನ್ ಬೇಕ್ರಿ ಅಜ್ಜಾರ. ರೇಡಿಯೇಟರಿನ ನೀರು ತಂಪು ಮಾಡೂ ಫ್ಯಾನ್. ಈಗಿರೂದು ಹಳೇದಾಗೇತ್ರಿ, ಗಾಳಿ ಎಳಿಯೂದಿಲ್ಲ.”

“ಹಂಗಾದ್ರ ತಗೊಂಡು ಬಾ.”

ಕಲ್ಮೇಶ ಹುಬ್ಬಳ್ಳಿಗೆ ಹೋದ. ಹಳೆಯ ಸಾಮಾನಿನ ಅಂಗಡಿಯವನು ಗುರುತಿನವನು. ಮೂರು ಒಯ್ಯಿ, ಬೇಡವಾದದ್ದನ್ನು ತಿರುಗಿ ಕೊಡು ಅಂದಿದ್ದ. ಕಲ್ಮೇಶ ಮೂರನ್ನೂ ತಂದು ಅಂಗಳದಲ್ಲಿ ಗೋಣಿತಾಟು ಹಾಸಿ ಸಾಲಾಗಿ ಇಟ್ಟ.

“ಇದು ಕಬ್ಬಿಣದ್ದು, ಆರು ಎಲೀದು, ಆರು ರೆಕ್ಕಿ ನೋಡ್ರಿ. ಹಳೇದಕ್ಕ ನಾಕ ಎಲಿ. ಇದು ಪ್ಲಾಸ್ಟಿಕ್ಕು, ಹಗೂರ, ಇಂಜಿನ್‌ಗೆ ಭಾರ ಅನಸೂದಿಲ್ಲ. ಇದು ಕರೆಂಟಿನದು. ಇಂಜಿನ್ ಸಾವಕಾಶ ತಿರುಗಿದ್ರೂ ಇದು ತನ್ನ ಜೋರಿನ್ಯಾಗ ತಾ ತಿರುಗ್ತೈತಿ. ಯಾವುದು ಹಾಕ್ಲಿ, ನೀವ ಹೇಳ್ರಿ.”

“ನನಗೇನು ತಿಳೀತೈತೋ ತಮ್ಮಾ. ಮೊದಲ ಹಳೇದು ಎಷ್ಟು ಎಳೀತೈತಿ ತೋರಸು.”

ಕಲ್ಮೇಶ ಇಂಜಿನ್ ಚಾಲೂ ಮಾಡಿದ. ಅಜ್ಜ ಕಾರನ್ನು ಸುತ್ತಿ ಮುಂದಕ್ಕೆ ಬಂದು, ತಟಕ್ಕನೆ ನಿಂತರು.

ಕಾರಿನ ಮುಂದಿನ ಜಾಲರಿ ಕಾಣುತ್ತಿರಲಿಲ್ಲ. ಅದನ್ನು ಪೂರ್ತಿ ಮುಚ್ಚಿ ಒಂದು ತಗಡಿನ ಫಲಕ. ಫಲಕದ ಮೇಲೆ ದೊಡ್ಡದೊಂದು ಮುಖ, ಹಣೆತುಂಬ ವಿಭೂತಿ, ತಲೆಯ ಸುತ್ತ ಹಳದಿ ಬೆಳಕು.

“ಇವ ಯಾರೋ?”

“ನೀವ ರೀ, ಅಜ್ಜಾರ.”

ಶ್ರಾವಣದ ಮೊದಲ ಸೋಮವಾರ ಕಲ್ಮೇಶ ಅದನ್ನು ಪೇಟೆಯ ಪೇಂಟರನಿಂದ ಬರೆಸಿ ತಂದಿದ್ದ. ತಾನೇ ನಟ್ಟು ಬಿಗಿದಿದ್ದ. ಅಜ್ಜ ನೋಡಿ ಏನಾದರೂ ಒಂದು ಒಳ್ಳೆಯ ಮಾತು ಹೇಳಲಿ ಅಂತ ಒಳಗೊಳಗೇ ಕಾದಿದ್ದ.

ಅಜ್ಜ ಜೋಳಿಗೆಯಿಂದ ವಿಭೂತಿಯ ಗಟ್ಟಿ ತೆಗೆದು ಮುರಿದರು. ಅಂಗೈಯಲ್ಲಿ ಅದನ್ನು ಹುಡಿಹುಡಿ ಮಾಡಿದರು.

ಕಾರಿಗೆ ಹಚ್ಚುತ್ತಾರೆ ಅಂದುಕೊಂಡು ಕಲ್ಮೇಶ ಕೈ ಮುಗಿದ.

ಅಜ್ಜ ವಿಭೂತಿಯನ್ನು ಫಲಕದ ಮುಂದೆ ಗಾಳಿಯಲ್ಲಿ ತೂರಿದರು. ಹೊಲದಲ್ಲಿ ರಾಶಿ ತೂರಿದ ಹಾಗೆ.

ಕಲ್ಮೇಶನ ಮುಗಿದ ಕೈ ಹಾಗೇ ಉಳಿಯಿತು. ನಿತ್ಯ ಹಣೆಗೆ ಹಚ್ಚುವ ವಿಭೂತಿಯನ್ನು ಅಜ್ಜ ಮಣ್ಣಿಗೆ ಚೆಲ್ಲಿದ್ದರು.

“ಎಲ್ಲಿ ಬಿತ್ತು?” ಕೇಳಿದರು ಅಜ್ಜ.

“ನೆಲಕ್ಕ ಬಿತ್ರಿ. ಅದಕ್ಕ ಅಂದೆ ನಾ, ಹಳೇ ಫ್ಯಾನಿಗೆ ದಮ್ಮಿಲ್ಲ ಅಂತ.”

“ಈ ತಗಡು ಬಿಚ್ಚು.”

“ಅಜ್ಜಾರ?”

“ಬಿಚ್ಚು ಅಂದೆ.”

ಕಲ್ಮೇಶ ಪಾನಾ ತಂದ. ಆದರೆ ನಟ್ಟು ತಿರುವಲು ಗುರುಗಳ ಗಲ್ಲದ ಮೇಲೆ ಮೊಣಕೈ ಊರಬೇಕು. ಅವನಿಂದ ಆಗಲಿಲ್ಲ.

ಅಜ್ಜ ಪಂಚೆ ಮೇಲೆ ಕಟ್ಟಿದರು. ತಮ್ಮ ಮುಖದ ಮೇಲೆ ತಮ್ಮದೇ ಕಾಲಿಟ್ಟು, ಫಲಕದ ಅಂಚನ್ನು ಎರಡೂ ಕೈಯಿಂದ ಹಿಡಿದು ಎಳೆದರು. ತಗಡು ಹರಿದು ಬಂತು. ಅವರು ಅದನ್ನು ತಿರುಗಿಯೂ ನೋಡದೆ ದನದ ಕೊಟ್ಟಿಗೆಯ ಕಡೆ ಒಗೆದರು.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಕಲ್ಮೇಶ ಅವರ ಕೊರಳಪಟ್ಟಿ ಹಿಡಿಯುತ್ತಿದ್ದ.

ಅಜ್ಜ ಅಂಗೈಯಲ್ಲಿ ಉಳಿದ ವಿಭೂತಿಯನ್ನು ತೂರಿದರು. ಅದು ನೆಲಕ್ಕೆ ಬೀಳಲಿಲ್ಲ. ಸುಂಯ್ ಅಂತ ಜಾಲರಿಯೊಳಗೆ ಹೋಯಿತು. ಅದೇ ಹಳೆಯ ಫ್ಯಾನು, ಅದೇ ನಾಲ್ಕು ಎಲೆ.

ಗ್ಯಾರೇಜಿನಲ್ಲಿ ಹತ್ತಾರು ಇಂಜಿನ್ ಬಿಚ್ಚಿ ಜೋಡಿಸಿದವನು ಕಲ್ಮೇಶ. ರೇಡಿಯೇಟರಿನ ಮುಂದೆ ಏನೂ ಇಡಬಾರದು ಅಂತ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇರೆ ಏನೇ ಇಟ್ಟಿದ್ದರೂ ಅದೇ ದಿನ ಕಿತ್ತು ಹಾಕುತ್ತಿದ್ದ. ಇಟ್ಟದ್ದು ಗುರುವನ್ನು. ಗುರುವೇ ಅಡ್ಡ ಆಗಬಹುದು ಅಂತ ಅವನ ತಲೆಗೆ ಹೊಳೆಯಲೇ ಇಲ್ಲ.

“ನನ್ನಿಂದ ಆತ್ರಿ ಅಜ್ಜಾರ,” ಅಂದ ಅವನು. ನೆಲದ ಮೇಲೆ ಕೂತುಬಿಟ್ಟ.

“ತಗಡು ಒಂದರಿಂದ ಇಷ್ಟು ಕುದಿಯೂದಿಲ್ಲ ಅನಸ್ತೈತಿ,” ಅಂದರು ಅಜ್ಜ. “ಆ ದಿನ ದಾರ್ಯಾಗ ಎಲ್ಲೆಲ್ಲಿ ನಿಂದರಿಸಿದಿ?”

ಕಲ್ಮೇಶ ಪಾನಾದಿಂದ ಮಣ್ಣು ಗೀರತೊಡಗಿದ.

“ಹೇಳು.”

“ಜನ ಕಾಯಿ ಹಿಡಕೊಂಡು ನಿಂತಿರ್ತಾರ್ರಿ. ನಿಮ್ಮ ಚಿತ್ರ ನೋಡಿ ಜೈಕಾರ ಹಾಕ್ತಾರ, ಅಡ್ಡಬೀಳ್ತಾರ. ನಿಂದರಿಸದ ಹೋದ್ರ ಗುರುದ್ರೋಹ ಅಂತ ನಿಂದರಿಸಿದೆ. ದಾರ್ಯಾಗಿನ ಎಲ್ಲಾ ಊರಾಗೂ.”

“ಇಂಜಿನ್ ಬಂದ್ ಮಾಡಿ?”

“ಇಲ್ರಿ. ಚಾಲೂ ಇಟ್ಟು.”

ಹೋಗುವ ಕಾರಿಗೆ ಎದುರಿನ ಗಾಳಿಯಾದರೂ ಸಿಗುತ್ತದೆ. ನಿಂತ ಕಾರಿಗೆ ಫ್ಯಾನು ಒಂದೇ. ಆ ಫ್ಯಾನಿನ ಬಾಯಿಗೆ ತಗಡು. ಏರು ಬರುವ ಹೊತ್ತಿಗೆ ಇಂಜಿನ್ ಅರ್ಧ ಬೆಂದಿತ್ತು.

“ನೀಲವ್ವ ಏನಂದ್ಲು?”

“ಅಣ್ಣಾ, ಲಗೂನ ನಡಿಯೋ ಅಂದ್ಲು.”

“ನೀ ಏನಂದಿ?”

“ಅಜ್ಜಾರ ಆಶೀರ್ವಾದ ಐತಿ, ತಡಿಯವಾ ಅಂದೆ.”

ತನ್ನ ಮಾತು ತನ್ನ ಕಿವಿಗೇ ಬಿದ್ದು ಅವನು ಬೆಚ್ಚಿದ. ಅಂದಾಗ ಅದು ಎಷ್ಟು ಒಳ್ಳೆಯ ಮಾತಾಗಿ ಕೇಳಿಸಿತ್ತು. ಇನ್ನೊಂದನ್ನು ಅವನು ಅಜ್ಜನಿಗೆ ಹೇಳಲಿಲ್ಲ. ಅಡ್ಡಬಿದ್ದವರು ಎದ್ದು ಹೋಗುವಾಗ ಕಾರು ಹೊಡೆಯುವವನಿಗೂ ಕೈ ಮುಗಿಯುತ್ತಿದ್ದರು. ಅದು ಅವನಿಗೆ ಹಿತವಾಗಿತ್ತು.

ಅಷ್ಟರಲ್ಲಿ ಶಾವಂತ್ರವ್ವ ಅಡಿಗೆಮನೆಯಿಂದ ಓಡಿ ಬಂದಳು. ಹಿಟ್ಟಿನ ಕೈ ತೊಳೆದಿರಲಿಲ್ಲ.

“ಅಜ್ಜಾರ, ಕಸ್ತೂರಿಗೆ ಬ್ಯಾನಿ ಸುರು ಆಗ್ಯಾವ್ರಿ. ನೀರು ಹೋತು.”

ಕಲ್ಮೇಶ ಎದ್ದು ಇಂಜಿನ್ ಬಂದ್ ಮಾಡಿ, ಚಾವಿಯನ್ನು ತಂದು ಅಜ್ಜನ ಕಾಲ ಬಳಿ ಇಟ್ಟ. “ನಾ ಹೊಡಿಯೂದಿಲ್ರಿ. ನನ್ನ ಕೈಯಾಗ ಇನ್ನೊಂದು ಜೀವ ಕೊಡಬ್ಯಾಡ್ರಿ.”

“ಮತ್ತ ನಾ ಹೊಡೀಲೇನು? ನನಗ ಎತ್ತಿನ ಗಾಡಿ ಸೈತ ಬರೂದಿಲ್ಲ. ಏಳು.”

ತಾಯಿ ಮಗಳು ಹಿಂದೆ ಕೂತರು. ಅಜ್ಜ ಕಂಬಳಿ ಹೊದ್ದು ಮುಂದೆ ಕೂತರು. ಮೂರು ಫ್ಯಾನು ಗೋಣಿತಾಟಿನ ಮೇಲೆ ಹಾಗೇ ಉಳಿದವು.

ಊರಿನ ಅಗಸಿಬಾಗಿಲು ದಾಟಿದ ಮೇಲೆ ಕಸ್ತೂರಿ ಹಲ್ಲು ಕಚ್ಚಿ ನರಳತೊಡಗಿದಳು. ಕಲ್ಮೇಶ ಕನ್ನಡಿಯಲ್ಲಿ ನೋಡಲಿಲ್ಲ, ನೋಡಲು ಧೈರ್ಯವಿರಲಿಲ್ಲ. ಅವನ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲಿತ್ತು.

ಮುಂದಿನ ಊರಿನ ಕ್ರಾಸಿನಲ್ಲಿ ಜನ ಕಂಡರು. ಕಾರಿನ ಸಪ್ಪಳ ಅವರಿಗೆ ಗುರುತು. ಇವತ್ತು ಚಿತ್ರ ಇರಲಿಲ್ಲ, ಒಳಗೆ ಖುದ್ದು ಅಜ್ಜನೇ ಇದ್ದರು. ಯಾರೋ ಒಬ್ಬ ನೋಡಿ ಕೂಗಿದ. ಜೈಕಾರ ಎದ್ದಿತು. ಒಬ್ಬ ಮುದುಕ ಕಾಯಿ ಎತ್ತಿ ಹಿಡಿದು ರಸ್ತೆಯ ಅಂಚಿಗೆ ಬಂದ.

ಕಲ್ಮೇಶನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು.

ಪಕ್ಕದಲ್ಲಿ ಸರಕ್ಕನೆ ಸದ್ದಾಯಿತು. ತಿರುಗಿ ನೋಡಿದರೆ ಸೀಟು ಖಾಲಿ. ಅಜ್ಜ ಕೆಳಗೆ ಜಾರಿ, ಕಾಲಿಡುವ ಜಾಗದಲ್ಲಿ ಮುದುಡಿ ಕೂತು, ತಲೆಯ ಮೇಲೆ ಕಂಬಳಿ ಎಳೆದುಕೊಂಡಿದ್ದರು.

“ಅಜ್ಜಾರ, ಏನ್ರಿ ಇದು?”

“ಕಾರಿನ್ಯಾಗ ಅಜ್ಜ ಇಲ್ಲ,” ಅಂತು ಕಂಬಳಿ. “ಹಿಂದ ಒಂದು ಹೆಣ್ಣುಮಗಳೈತಿ. ಹೊಡಿ.”

ಗುರುಗಳು ಸುಳ್ಳು ಹೇಳಿದ್ದನ್ನು ಕಲ್ಮೇಶ ಎಂದೂ ಕೇಳಿರಲಿಲ್ಲ. ಅವರು ಹೀಗೆ ಹೆದರಿದ ಕೋಳಿಯ ಹಾಗೆ ಕೂತದ್ದನ್ನೂ ನೋಡಿರಲಿಲ್ಲ. ನಗುವುದೋ ಅಳುವುದೋ ತಿಳಿಯದೆ ಹಾರ್ನು ಒತ್ತಿ ಹಿಡಿದ. ಮುದುಕ ಹಿಂದೆ ಸರಿದ. ಜನ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಲೇ ಉಳಿದರು.

ಆಮೇಲೆ ಯಾವ ಊರಿನಲ್ಲೂ ಕಾರು ನಿಲ್ಲಲಿಲ್ಲ. ಊರು ಬಂದಾಗೊಮ್ಮೆ ಕಂಬಳಿ ಇನ್ನಷ್ಟು ಕೆಳಗೆ ಇಳಿಯುತ್ತಿತ್ತು.

ಏರು ಬಂತು. ಇಂಜಿನ್ ಏದುಸಿರು ಬಿಟ್ಟಿತು. ಮುಳ್ಳು ಮೇಲಕ್ಕೆ ಹೊರಟಿತು. ನೀಲವ್ವ ಹಡೆದ ತಿರುವು ಬಂದಾಗ ಕಲ್ಮೇಶನ ಅಂಗೈ ಬೆವೆತು ಸ್ಟೇರಿಂಗ್ ಜಾರಿತು. ಹಿಂದೆ ಕಸ್ತೂರಿ ಕೂಗಿದಳು. ಅವನು ಈ ಸಲ ತಡಿಯವಾ ಅನ್ನಲಿಲ್ಲ.

ಮುಳ್ಳು ಕೆಂಪು ಗೆರೆಯ ಕೆಳಗೆ ನಿಂತಿತು. ಅಲ್ಲಿಂದ ಮೇಲೆ ಏರಲಿಲ್ಲ.

ದವಾಖಾನೆಯ ಒಳಗೆ ಹೋದ ಸ್ವಲ್ಪ ಹೊತ್ತಿಗೆಲ್ಲ ಕಸ್ತೂರಿ ಹೆಣ್ಣು ಹಡೆದಳು. ಶಾವಂತ್ರವ್ವ ಹೊರಗೆ ಬಂದು, ತಾಯಿ ಕೂಸು ಇಬ್ಬರೂ ಆರಾಮ ಅಂತ ಹೇಳಿ, ಬಾಗಿಲಿಗೆ ಒರಗಿ ಅತ್ತಳು. ಕಲ್ಮೇಶನೂ ಅತ್ತ. ನೀಲವ್ವನ ನೆನಪಾಗಿ ಇನ್ನಷ್ಟು ಅತ್ತ.

ಅಜ್ಜ ಬೇವಿನ ಮರದ ಕಟ್ಟೆಯ ಮೇಲೆ ಕೂತು, ಮಡಚಿ ಹಿಡಿದುಹೋದ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು.

ಕಲ್ಮೇಶ ಹೋಗಿ ಕೆಳಗೆ ಕೂತ. “ಮೂರೂ ಫ್ಯಾನ್ ತಿರುಗಿ ಕೊಟ್ಟು ಬರ್ತೀನ್ರಿ ಅಜ್ಜಾರ. ಹಳೇದ ಸಾಕು.”

ಅಜ್ಜ ಮೊಣಕಾಲಿನಿಂದ ಕೈ ತೆಗೆದರು.

“ಆ ಮೂರರಾಗ ಹೆಚ್ಚು ಸಪ್ಪಳ ಮಾಡೂದು ಯಾವುದು?”

“ಆರು ಎಲೀದು ರೀ. ಅದರ ಸಪ್ಪಳಕ್ಕ ಅಂಜಿ ಅದನ್ನ ಯಾರೂ ಒಯ್ಯೂದಿಲ್ಲ ಅಂದ ಅಂಗಡಿಯವ. ಅದು ತಿರುಗಾಕ ಹತ್ತಿದ್ರ ಹೊರಗಿಂದು ಒಂದು ಮಾತೂ ಒಳಗ ಕೇಳೂದಿಲ್ಲಂತ.”

“ಅದನ್ನ ಹಾಕು.”

ಕಲ್ಮೇಶ ಬೆಪ್ಪಾದ. “ಯಾಕ್ರಿ? ಹಳೇದರಾಗ ಇಂಜಿನ್ ತಂಪ ಐತಲ್ರಿ.”

“ಇಂಜಿನ್ ತಂಪ ಐತಿ,” ಅಂದರು ಅಜ್ಜ. “ಕಂಬಳಿ ಒಳಗ ಕುಂತಾಗ ಜೈಕಾರ ಕೇಳಿತು ನೋಡು, ನನ್ನ ತಲಿ ತಾನ ಮ್ಯಾಲ ಏಳಾಕ ಹತ್ತಿತ್ತು.”