ಗಡಿಯಾರ ರಿಪೇರಿಯವನ ರೈಫಲ್

"ಬುದ್ಧಿ, ಸಂಜೆ ಹೊತ್ತಿನ ಮೌನವನ್ನು ನಾನು ಬಿಟ್ಟುಬಿಡಲಾ?" ಎಂದು ಶಂಭುಲಿಂಗ ಕೇಳಿದ.

ಅವನು ಮಠದ ಅಡುಗೆಮನೆ ನೋಡಿಕೊಳ್ಳುವ ಶಿಷ್ಯ. ದಿನವೂ ಇನ್ನೂರು ಜನಕ್ಕೆ ಬೇಯಿಸಿ ಬಡಿಸುತ್ತಿದ್ದ. ಕೆಲಸ ಮುಗಿದ ಮೇಲೆ ಒಂದು ಗಂಟೆ ಮಾತಿಲ್ಲದೆ ಕೂರಬೇಕು ಎಂಬುದು ಗುರುಗಳು ಅವನಿಗೆ ಹಾಕಿಕೊಟ್ಟ ನೇಮ. ಗುರುಗಳ ಕೋಣೆಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ.

"ಯಾಕಪ್ಪಾ?" ಎಂದರು ಗುರುಗಳು.

"ಮೂರು ತಿಂಗಳ ಹಿಂದೆ ಅವ್ವ ತೀರಿಕೊಂಡಳಲ್ಲ, ನಾನು ಊರು ಮುಟ್ಟೋ ಮೊದಲೇ ಅಣ್ಣ ಮಣ್ಣು ಮಾಡಿ ಮುಗಿಸಿದ್ದ. ಅವಳ ಮುಖ ನೋಡೋಕೆ ಆಗಲಿಲ್ಲ. ಆದರೂ ಕ್ಷಮಿಸಿದ್ದೀನಿ ಅಂತ ಅವನಿಗೆ ಕಾಗದ ಬರೆದೆ. ಅದನ್ನು ನಂಬಿಕೊಂಡು ಭಾನುವಾರ ಇಲ್ಲಿಗೆ ಬರ್ತಿದ್ದಾನೆ. ಕೆಲಸದಲ್ಲಿದ್ದಾಗ ಅವನ ಮೇಲೆ ನನಗೆ ಏನೂ ಇಲ್ಲ ಬುದ್ಧಿ. ಮೌನಕ್ಕೆ ಕೂತರೆ ಮಾತ್ರ ಮೈಯೆಲ್ಲ ಉರಿಯುತ್ತೆ. ಈ ಮೌನವೇ ನನ್ನನ್ನು ಕೆಡಿಸ್ತಾ ಇದೆ. ಹೀಗೇ ಕೂತರೆ ಭಾನುವಾರ ಅವನನ್ನು ಬಾಗಿಲಿಂದಲೇ ಕಳಿಸಿಬಿಡ್ತೀನೋ ಏನೋ."

"ಬಿಡೋದಾದರೆ ಬಿಡು. ಬಿಡೋ ಮೊದಲು ಒಂದು ಕತೆ ಕೇಳು. ಗುಡ್ಡದ ಆಚೆ ರೈಫಲ್ ಕ್ಲಬ್ಬಿದೆಯಲ್ಲ, ಅಲ್ಲಿ ಕಲಿಸುವವರು ಊಟಕ್ಕೆ ಬಂದಾಗ ಹೇಳಿದ್ದು. ಸನ್ಯಾಸಿಗೆ ಬಂದೂಕಿನ ಕತೆ ಯಾಕೆ ಅಂತ ಕೇಳಬೇಡ. ನನಗೆ ಕುತೂಹಲ ಸ್ವಲ್ಪ ಜಾಸ್ತಿ."

ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಎಳ್ಳಿಗಿಂತ ಚಿಕ್ಕ ತಿರುಪನ್ನು ಚಿಮಟದಲ್ಲಿ ಹಿಡಿದರೂ ಅವನ ಕೈ ಅಲುಗುತ್ತಿರಲಿಲ್ಲ. ಆ ಕೈಯ ಬಗ್ಗೆ ಅವನಿಗೆ ಜಂಬವಿತ್ತು. ಕಾರಣವಿಲ್ಲದ ಜಂಬ ಬೇಗ ಇಳಿಯುತ್ತದೆ, ಇವನದ್ದು ಕಾರಣವಿದ್ದ ಜಂಬ. ನಲವತ್ತು ದಾಟಿದ ಮೇಲೆ ಅವನಿಗೆ ರೈಫಲ್ ಸ್ಪರ್ಧೆಯ ಆಸೆ ಹುಟ್ಟಿತು. ಇಂಥ ಕೈ ಇಟ್ಟುಕೊಂಡು ಗುರಿ ತಪ್ಪುವುದು ಹೇಗೆ ಎಂದುಕೊಂಡು ಕ್ಲಬ್ಬಿಗೆ ಸೇರಿದ.

ಅಲ್ಲಿಯ ಆಟ ನೋಡುವುದಕ್ಕೆ ಸರಳ. ಚಾಪೆಯ ಮೇಲೆ ಬೋರಲು ಮಲಗಬೇಕು. ಐವತ್ತು ಮೀಟರ್ ಆಚೆ ಒಂದು ಕಾಗದ, ಅದರಲ್ಲೊಂದು ಕಪ್ಪು ವೃತ್ತ. ನಟ್ಟನಡುವೆ ಬಿದ್ದರೆ ಹತ್ತು ಅಂಕ. ಗುಂಡು ಬಟಾಣಿಗಿಂತ ಸಣ್ಣದು. ಮೊದಲ ತಿಂಗಳು ಅದನ್ನೂ ಕೊಡುವುದಿಲ್ಲ. ಖಾಲಿ ರೈಫಲ್ ಹಿಡಿದು ಮಲಗುವುದು, ಉಸಿರು ನಿಲ್ಲಿಸುವುದು, ಟ್ರಿಗರ್ ಒತ್ತುವುದು, ಇಷ್ಟೇ ಪಾಠ. ಗಡಿಯಾರ ರಿಪೇರಿಯವನ ಕೈ ಆ ತಿಂಗಳೆಲ್ಲ ಕಲ್ಲಿನಂತೆ ನಿಂತಿತ್ತು.

ಗುಂಡು ಕೊಟ್ಟ ದಿನದಿಂದ ಕತೆ ಬೇರೆಯಾಯಿತು. ಹಾರಿಸಿದ್ದೆಲ್ಲ ಕಪ್ಪು ವೃತ್ತದ ಕೆಳಗೆ ಹೋಗಿ ಬಿತ್ತು. ಅವನು ಮೊದಲು ಗಾಳಿಯನ್ನು ಬೈದ. ಆಮೇಲೆ ಗುಂಡಿನ ಪೆಟ್ಟಿಗೆಯನ್ನು ಬದಲಿಸಿದ. ಕೊನೆಗೆ ಕಸುಬಿನ ಬುದ್ಧಿ ಬಿಡಬೇಕಲ್ಲ, ಕಿಸೆಯಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದ. ಗುರಿ ನೋಡುವ ಕಿಂಡಿಯನ್ನು ರೈಫಲ್ಲಿನಿಂದ ಕಳಚಿ, ಒಂದೊಂದೇ ಭಾಗ ಬಿಚ್ಚಿ, ಒರೆಸಿ, ಎಣ್ಣೆ ಮುಟ್ಟಿಸಿ, ಮತ್ತೆ ಮೊದಲಿದ್ದ ಗುರುತಿಗೇ ಜೋಡಿಸಿದ. ಆ ಕೈಚಳಕಕ್ಕೆ ಕ್ಲಬ್ಬಿನವರೆಲ್ಲ ತಲೆದೂಗಿದರು. ಗುಂಡು ಮಾತ್ರ ಮತ್ತೆ ಕೆಳಕ್ಕೇ ಹೋಯಿತು. ಕಲಿಸುವವರು ಅದೇ ರೈಫಲ್ ತೆಗೆದುಕೊಂಡು ಐದು ಗುಂಡು ಹಾರಿಸಿದರು. ಐದೂ ಕಪ್ಪಿನೊಳಗೆ ಬಿದ್ದವು.

ಜಿಲ್ಲೆಯ ತಂಡದ ಆಯ್ಕೆಗೆ ಎರಡು ವಾರ ಉಳಿದಿತ್ತು. ತಂಡದಲ್ಲಿ ತೆರವಾಗಿದ್ದದ್ದು ಒಂದೇ ಜಾಗ. ಅದರ ಮೇಲೆ ಅವನು ಜೀವ ಇಟ್ಟುಕೊಂಡಿದ್ದ. ರಾತ್ರಿ ನಿದ್ದೆಯಿಲ್ಲ, ಅಂಗಡಿಯಲ್ಲಿ ಮಾತಿಲ್ಲ. ಕಲಿಸುವವರಿಗೆ ಅವನನ್ನು ನೋಡಿ ಪಾಪ ಅನ್ನಿಸಿತು.

"ಇವತ್ತು ಗುಂಡು ನಾನು ತುಂಬ್ತೀನಿ. ನೀವು ಗುರಿಯ ಮೇಲಿಂದ ಕಣ್ಣು ತೆಗೀಬೇಡಿ" ಎಂದರು.

ಅವನು ಮಲಗಿದ. ಅವರು ಪಕ್ಕದಲ್ಲಿ ಕುಳಿತು ಗುಂಡು ತುಂಬಿದರು. ಅವನು ಟ್ರಿಗರ್ ಒತ್ತಿದ. ಢಂ ಎಂದಿತು. ಮತ್ತೆ ತುಂಬಿದರು, ಮತ್ತೆ ಢಂ. ಮೂರನೆಯ ಸಲ ತುಂಬಿದಂತೆ ಮಾಡಿದರು, ತುಂಬಲಿಲ್ಲ. ಅವನು ಒತ್ತಿದಾಗ ಟಕ್ ಎಂದಷ್ಟೇ ಕೇಳಿತು. ಆದರೆ ರೈಫಲ್ಲಿನ ಮೂತಿ ಒಮ್ಮೆಲೇ ನೆಲದ ಕಡೆಗೆ ಬಗ್ಗಿತು. ಹಿಂದೆ ನಿಂತಿದ್ದವರು ನೋಡಿದರು. ಕಿಂಡಿಯಲ್ಲಿ ಕಣ್ಣಿಟ್ಟಿದ್ದ ಅವನೂ ನೋಡಿದ. ಅಲುಗದ ಕೈಯ ಮನುಷ್ಯನಿಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟು ಬಂತು.

"ಖಾಲಿ ಕೊಟ್ಟು ನನ್ನ ಕೈ ಕೆಡಿಸಿದ್ರಿ ಸರ್. ಗುಂಡಿದ್ದಾಗ ನನ್ನ ಕೈ ಹೀಗೆ ಬಗ್ಗಲ್ಲ" ಎಂದ.

"ಖಾಲಿ ಅಂತ ನಿಮ್ಮ ಕೈಗೆ ಮೊದಲೇ ಗೊತ್ತಿತ್ತಾ?" ಎಂದು ಅವರು ಕೇಳಿದರು.

ಗಡಿಯಾರ ರಿಪೇರಿಯವನು ತನ್ನ ಕೈ ನೋಡಿಕೊಂಡ. ಕೈಗೆ ಗೊತ್ತಿರಲಿಲ್ಲ. ಗುಂಡಿದೆ ಎಂದುಕೊಂಡೇ ಅದು ಹೆದರಿ ಬಗ್ಗಿತ್ತು. ಅಂದರೆ ಗುಂಡಿದ್ದಾಗಲೆಲ್ಲ ಹಾಗೇ ಬಗ್ಗುತ್ತಿತ್ತು. ಗುಂಡಿನ ಸದ್ದಿನಲ್ಲಿ, ರೈಫಲ್ಲಿನ ಒದೆತದಲ್ಲಿ ಅದು ಅವನಿಗೆ ಕಂಡಿರಲಿಲ್ಲ ಅಷ್ಟೇ. ಕಾಗದ ಮಾತ್ರ ಮೊದಲ ದಿನದಿಂದ ನಿಜವನ್ನೇ ಹೇಳುತ್ತಿತ್ತು.

ಮರುದಿನ ಅವನು ಚಾಪೆಯ ಮೇಲೆ ಮಲಗಿ, "ಸರ್, ಇವತ್ತು ಖಾಲಿನೇ ಜಾಸ್ತಿ ಕೊಡಿ" ಎಂದು ಕೇಳಿಕೊಂಡ.

ಗುರುಗಳು ಕತೆ ನಿಲ್ಲಿಸಿದರು.

"ತಂಡದಲ್ಲಿ ಜಾಗ ಸಿಕ್ತಾ ಬುದ್ಧಿ?" ಎಂದು ಶಂಭುಲಿಂಗ ಕೇಳಿದ.

"ಆ ವರ್ಷ ಸಿಗಲಿಲ್ಲ. ಮುಂದಿನ ವರ್ಷ ಸಿಕ್ತು."

ಶಂಭುಲಿಂಗನಿಗೆ ಕತೆ ಹಿಡಿಸಿತ್ತು. ಆದರೆ ಅದು ತನ್ನದಲ್ಲ ಅನ್ನಿಸಿತು.

"ಅವನಿಗೆ ಕಾಗದದ ಮೇಲೆ ತೂತು ಕಾಣ್ತಿತ್ತು ಬುದ್ಧಿ. ನನಗೆ ಅಂಥದ್ದೇನೂ ಇಲ್ಲ. ಅಡುಗೆಮನೆಯಲ್ಲಿದ್ದಷ್ಟು ಹೊತ್ತು ಅಣ್ಣನ ಮೇಲೆ ನನಗೆ ನಿಜವಾಗಿಯೂ ಸಿಟ್ಟೇ ಇರಲ್ಲ."

ಗುರುಗಳು ನಡುವಿನ ಗೋಡೆಯ ಕಡೆ ನೋಡಿದರು.

"ಹಾಗಾದರೆ ಮೂರು ತಿಂಗಳಿಂದ ಆ ಪಾತ್ರೆಗಳು ಯಾಕಪ್ಪಾ ಅಷ್ಟು ಸದ್ದು ಮಾಡ್ತಿವೆ?"