ತಡವಾಗಿ ಬೀಳುವ ತಾಳ

"ಗುರುಗಳೇ, ಇವತ್ತು ಸಂಜೆ ಮೈದಾನದಲ್ಲಿ ರೆಗ್ಗೆ, ಹಿಪ್‌ಹಾಪ್ ಅಂತ ಒಂದು ಕಾರ್ಯಕ್ರಮವಿದೆ. ಹಾಡುವುದೆಲ್ಲ ದೇವರ ಮೇಲೆಯಂತೆ. ನನ್ನ ಹೆಂಡತಿ ಟಿಕೆಟ್ ತಂದುಬಿಟ್ಟಿದ್ದಾಳೆ. ನನಗೆ ಅದರ ತಲೆಬುಡ ಗೊತ್ತಿಲ್ಲ. ಏನನ್ನು ನಿರೀಕ್ಷಿಸಿಕೊಂಡು ಹೋಗಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಮೀಸೆ ನೀವಿಕೊಂಡರು. "ಜಮೈಕಾದವರಿಗೆ ರೆಗ್ಗೆ ಕಲಿಸಿಕೊಟ್ಟವನೇ ನಾನು."

ಶಿಷ್ಯ ಬಾಯಿ ತೆರೆಯುವಷ್ಟರಲ್ಲಿ ಗುರುಗಳೇ ಮುಂದುವರಿಸಿದರು.

"ಸುಳ್ಳು. ನಾನು ಹುಬ್ಬಳ್ಳಿಯನ್ನೇ ದಾಟಿದವನಲ್ಲ. ಆದರೆ ಈಗ ಹೇಳುವ ಕತೆ ನಿಜ, ಹೆಚ್ಚುಕಡಿಮೆ. ಕೇಳು."

ಒಬ್ಬ ತಾಳದವನಿದ್ದ. ಭಜನಾ ಮಂಡಳಿಯಲ್ಲಿ ಕಂಚಿನ ತಾಳ ಬಾರಿಸುತ್ತಿದ್ದ. ಅವನಿಗೆ ಹಾಡಲು ಬರುತ್ತಿರಲಿಲ್ಲ. ಮಂತ್ರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಎರಡು ಕಂಚು ತಾಗಿದಾಗ ಬರುವ ಸದ್ದೇ ಅವನ ಪ್ರಾರ್ಥನೆ. ಬೇರೆ ಪ್ರಾರ್ಥನೆ ಅವನಿಗೆ ತಿಳಿಯದು.

ಅವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಉಳಿಯಿತು. ಬಲಗೈ ಮಾತ್ರ ನಿಧಾನವಾಯಿತು. ಹೊಡೆ ಅಂದರೆ ಹೊಡೆಯುತ್ತಿತ್ತು, ಆದರೆ ಅರ್ಧ ಕ್ಷಣ ಬಿಟ್ಟು. ಭಜನೆಯಲ್ಲಿ ಒಂದು ತಾಳ ಹಿಂದೆ ಬಿದ್ದರೆ ಸಾಕು, ತಬಲಾದವನು ತಡವರಿಸುತ್ತಾನೆ, ಹಾಡುವವನಿಗೆ ಸಾಲು ತಪ್ಪುತ್ತದೆ. ಮಂಡಳಿಯ ಹಿರಿಯ ಬಂದು ಅವನ ಪಕ್ಕ ಕೂತ.

"ತಮ್ಮಾ, ನೀ ದಿನಾ ಬಾ. ಮುಂದ ಕೂಡು. ಪ್ರಸಾದ ಮೊದಲು ನಿನಗ. ತಾಳ ಒಂದು ಕೆಳಗಿಡಪಾ."

ಅವನು ತಾಳ ಕೆಳಗಿಟ್ಟ. ಮಂಡಳಿಗೆ ಹೋಗುವುದನ್ನೂ ಬಿಟ್ಟ. ದೇವರಿಗೆ ಇನ್ನು ನನ್ನ ಸದ್ದು ಬೇಡ ಎಂದುಕೊಂಡ. ಊಟ ಅರ್ಧಕ್ಕೆ ಇಳಿಯಿತು.

ಮಗಳಿಗೆ ಇದನ್ನು ನೋಡಲಾಗಲಿಲ್ಲ. "ಅಪ್ಪಾ, ದೇವರ ಹಾಡು ಐತಿ, ನಡಿ" ಎಂದು ಎಬ್ಬಿಸಿದಳು. ಎಂಥ ಹಾಡು ಎಂಬುದನ್ನು ಜಾಣತನದಿಂದ ನುಂಗಿಕೊಂಡಳು. ಅವನು ವಿಭೂತಿ ಹಚ್ಚಿಕೊಂಡ. ಬಾರಿಸುವ ಉದ್ದೇಶವಿರಲಿಲ್ಲ, ಆದರೂ ಕೈ ತಾನಾಗಿ ತಾಳವನ್ನು ಹೆಗಲ ಚೀಲಕ್ಕೆ ಹಾಕಿತು.

ಮೈದಾನದ ಗೇಟಿನಲ್ಲೇ ಚಪ್ಪಲಿ ಬಿಟ್ಟ. ಒಳಗೆ ದೇವರ ಪಟ ಹುಡುಕಿದ. ಸಿಗಲಿಲ್ಲ. ಮನೆಯೆತ್ತರದ ಕರಿ ಸ್ಪೀಕರ್ ಪೆಟ್ಟಿಗೆ ಕಂಡಿತು. ಇವರ ದೇವರು ಇದೇ ಇರಬೇಕು ಎಂದು ಅದಕ್ಕೆ ಅಡ್ಡಬಿದ್ದ. ಹಿಂದಿದ್ದ ಸಾವಿರ ಜನವೂ ಅಡ್ಡಬಿದ್ದರು. ಸಾವಿರ ಜನ ಎಂಬುದು ನಾನು ಸೇರಿಸಿದ್ದು. ಅವನು ಬಿದ್ದದ್ದು ನಿಜ.

ಹಾಡು ಶುರುವಾಯಿತು. ಡ್ರಮ್ಮಿನ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಗಿತು. ಹಾಡುಗಾರ ಹಾಡಲಿಲ್ಲ, ಒಂದೇ ಉಸಿರಿನಲ್ಲಿ ತಾಳಕ್ಕೆ ಸರಿಯಾಗಿ ದೇವರ ಜೊತೆ ಜಗಳ ತೆಗೆದ. ನನಗೆ ಅನ್ನ ಕೊಟ್ಟೆ, ಪಕ್ಕದವನಿಗೆ ಯಾಕೆ ಕೊಡಲಿಲ್ಲ ಎಂದು ಕೇಳಿದ. ಜಗಳ ತೀರಿದ ಮೇಲೆ, ಇಷ್ಟು ಹೊತ್ತು ಕೇಳಿಸಿಕೊಂಡೆಯಲ್ಲ, ಅದಕ್ಕೆ ಉಪಕಾರ ಎಂದ. ಜನ ಕುಣಿದರು. ಕೆಲವರು ಕುಣಿಯುತ್ತಲೇ ಅತ್ತರು.

ತಾಳದವನು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ. "ಎಲ್ಲಿಗೆ ಕರಕೊಂಡು ಬಂದೀಯವ್ವಾ? ಮಂಗಳಾರತಿ ಯಾವಾಗ?"

"ಒಂದೀಟು ನೋಡಪಾ. ಆಮೇಲೆ ಬೈಯಿ."

ಬೈಯುವುದಕ್ಕಾಗಿಯೇ ಅವನು ನೋಡಿದ. ಗಿಟಾರಿನವನ ಕೈ ಕಂಡಿತು. ಆ ಕೈ ಪೆಟ್ಟಿನ ಮೇಲೆ ತಂತಿ ಮುಟ್ಟುತ್ತಿರಲಿಲ್ಲ. ಡ್ರಮ್ಮಿನ ಪೆಟ್ಟು ಬಿದ್ದು ಹೋಗಲಿ ಎಂದು ಬಿಟ್ಟು, ಮುಂದಿನದು ಬರುವ ಮೊದಲು, ನಡುವಿನ ಖಾಲಿಯಲ್ಲಿ ಚಕ್ ಎಂದು ಮೀಟುತ್ತಿತ್ತು. ಪ್ರತಿ ಸಲವೂ ಹಾಗೆಯೇ. ಯಾರೂ ಅವನಿಗೆ ಗಿಟಾರು ಕೆಳಗಿಡು ಎನ್ನಲಿಲ್ಲ. ಆ ಚಕ್ ಎಂಬ ಸದ್ದನ್ನು ಹಿಡಿದುಕೊಂಡೇ ಮೈದಾನ ತೂಗುತ್ತಿತ್ತು.

ತಾಳದವನು ಚೀಲಕ್ಕೆ ಕೈ ಹಾಕಿದ. ಪೆಟ್ಟಿನ ಮೇಲೆಯೇ ಹೊಡೆಯಲು ಹೋದ, ಅದು ಅವನ ಜೀವಮಾನದ ರೂಢಿ. ಕೈ ತಡಮಾಡಿತು. ಕಂಚಿನ ಸದ್ದು ಹೋಗಿ ಗಿಟಾರಿನ ಸದ್ದಿನ ಮೇಲೆ ಕೂತಿತು. ಹೆದರಿ ಮಗಳ ಕಡೆ ನೋಡಿದ. ಮತ್ತೊಮ್ಮೆ ಹೊಡೆದ. ಮತ್ತೆ ಅಲ್ಲಿಯೇ ಕೂತಿತು.

ಪಕ್ಕದಲ್ಲಿ ಕುಣಿಯುತ್ತಿದ್ದ ಹೆಂಗಸು ತಿರುಗಿ, "ಕಾಕಾ, ನಿಲ್ಲಸಬ್ಯಾಡ್ರಿ!" ಎಂದಳು.

ಅವನು ನಿಲ್ಲಿಸಲಿಲ್ಲ. ಎದ್ದು ನಿಂತು ಬಾರಿಸಿದ. ಹಾಡು ಮುಗಿದಾಗ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡ. "ತಂದೇ, ಈ ಕೈ ಕೊಟ್ಟೆಯಲ್ಲ" ಎಂದ.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಅವನ ಕೈ ಸರಿಹೋಯಿತೇ?" ಎಂದು ಶಿಷ್ಯ ಕೇಳಿದ.

"ಇಲ್ಲ. ಇಂದಿಗೂ ತಡವೇ. ದಿನಾ ಬಾರಿಸುತ್ತಾನೆ."

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅವನಿಗೆ ತಾಳವಾದರೂ ಬರುತ್ತಿತ್ತು. ನನಗೆ ಏನೂ ಬರುವುದಿಲ್ಲ. ಈ ವಯಸ್ಸಿನಲ್ಲಿ ಅಲ್ಲಿಗೆ ಹೋಗಿ ನಿಂತರೆ, ಬಹಳ ತಡವಾಗಿ ಬಂದೆ ಎನ್ನುವುದಿಲ್ಲವೇ?"

ಗುರುಗಳು ಚಹಾ ಅಂಗಡಿಯ ಬೆಂಚಿನಿಂದ ಎದ್ದರು.

"ನನ್ನ ಚಹಾದ ದುಡ್ಡು ಕೊಟ್ಟು ಹೊರಡಯ್ಯಾ, ಅಲ್ಲಿ ತಡವಾಗಿ ಬಂದವರಿಗೇ ಜಾಗ ಬಿಟ್ಟಿರುತ್ತಾರೆ."

ಶಿಷ್ಯ ಜೇಬಿಗೆ ಕೈ ಹಾಕಿದ.